ಬುರುಜಿನ ಮೇಲಿನ ಬಾಸಾಹೇಬ್

ತಟ್ಟೆಯ ಮುಂದೆ ಕೂತ ರಚನಾ ಅನ್ನಕ್ಕೆ ಕೈ ಅಡ್ಡ ಹಿಡಿದಳು. "ಸಾಕು ಮಮ್ಮಿ. ಮೇಲೆ ಬಾಸಾಹೇಬ್ ಹತ್ರ ತಿಂದು ಬಂದೆ."

ವಿಮಲಾ ಹುಳಿಯ ಸೌಟು ಹಿಡಿದುಕೊಂಡು ಹಾಗೇ ನಿಂತಳು. "ಏನು ತಿಂದೆ?"

"ರೋಟ್ಲಾ, ದಾಳ್, ಬದನೇಕಾಯಿ ಶಾಕ್, ಅದೇ ಪಲ್ಯ."

"ಬದನೇಕಾಯಿ? ನಾನು ಹಾಕಿದ್ರೆ ಹೆಕ್ಕಿ ಹೆಕ್ಕಿ ತಟ್ಟೆ ಅಂಚಿಗೆ ಇಡ್ತೀಯಲ್ಲೇ."

"ಅದು ಬೇರೆ ಥರ ಇರತ್ತೆ."

"ಹೇಗಿರತ್ತೆ?"

"ಚೆನ್ನಾಗಿರತ್ತೆ," ಎಂದಳು ರಚನಾ. ಹನ್ನೊಂದು ವರ್ಷದ ಹುಡುಗಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕೆನಿಸಲಿಲ್ಲ.

ಪಕ್ಕದಲ್ಲಿ ಉಣ್ಣುತ್ತಿದ್ದ ಪದ್ಮನಾಭ ತಲೆಯೆತ್ತದೆ, "ಹೋಗಲಿ ಬಿಡೇ, ಹಸಿವಿದ್ರೆ ರಾತ್ರಿ ತಿಂತಾಳೆ," ಎಂದ. ಹುಳಿ ತಣ್ಣಗಾಯಿತು, ವಿಮಲಾಗೆ ಮಾತ್ರ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದಂತಾಯಿತು.

ಪದ್ಮನಾಭ ಬ್ಯಾಂಕಿನ ಮ್ಯಾನೇಜರು. ವಡೋದರಾದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ವಣಕೋಡಾ ಎಂಬ ಹಳ್ಳಿಯ ಶಾಖೆಗೆ ವರ್ಗವಾಗಿ ಬಂದು ನಾಲ್ಕು ವರ್ಷವಾಗಿತ್ತು. ಆ ಊರನ್ನಾಳಿದ ಠಾಕೂರರ ಹಳೇ ಕಚೇರಿಯೇ ಈಗ ಬ್ಯಾಂಕು, ಅದರ ಹಿಂದಿನ ಕೋಣೆಗಳು ಮ್ಯಾನೇಜರ ಮನೆ. ಮನೆಯ ಅಂಗಳ ದಾಟಿದರೆ ಬುರುಜು. ಹತ್ತಿ ಹೊಲಗಳ ನಡುವೆ ಐದು ಅಂತಸ್ತು ಎದ್ದು ನಿಂತ ಇಟ್ಟಿಗೆಯ ಕಟ್ಟಡ ಅದು. ಮೇಲಿನ ಎರಡು ಅಂತಸ್ತು ಬಿರುಕು ಬಿಟ್ಟು ಪಾರಿವಾಳಗಳ ಪಾಲಾಗಿದ್ದವು. ಎರಡನೇ ಅಂತಸ್ತಿನಲ್ಲಿ ಠಾಕೂರರ ವಿಧವೆ ಜೀವಿ ಎಂಬ ಕೆಲಸದವಳ ಜೊತೆ ಇದ್ದರು. ಎಪ್ಪತ್ತು ದಾಟಿದ ಆ ಹೆಂಗಸನ್ನು ಊರೆಲ್ಲ ಬಾಸಾಹೇಬ್, ಅಂದರೆ ಅಮ್ಮನವರು, ಎನ್ನುತ್ತಿತ್ತು.

ಮೊದಮೊದಲು ವಿಮಲಾಗೇ ಅನುಕೂಲವೆನಿಸಿತ್ತು. ರಚನಾ ಸ್ಕೂಲಿನಿಂದ ಬಂದವಳು ಬಿಸಿಲಲ್ಲಿ ಅಲೆಯುವ ಬದಲು ಬುರುಜಿನ ತಂಪಿನಲ್ಲಿ ಕೂತಿರುತ್ತಾಳಲ್ಲ ಎಂದು ಸಮಾಧಾನಪಟ್ಟಿದ್ದಳು. ಅತ್ತೆ ಸಾವಿತ್ರಮ್ಮನವರು ಮಾತ್ರ, "ಅವರು ಮಾಂಸ ತಿನ್ನೋ ಜನ ಅಲ್ವೇನೋ?" ಎಂದು ಮಗನನ್ನು ಕೇಳಿದ್ದರು. ಗಂಡ ಹೋದ ಮೇಲೆ ಬಾಸಾಹೇಬ್ ಎಲ್ಲ ಬಿಟ್ಟಿದ್ದಾರೆ, ಏಕಾದಶಿಗೆ ನೀರೂ ಮುಟ್ಟುವುದಿಲ್ಲ ಎಂದು ಗೊತ್ತಾದ ಮೇಲೆ ಅವರಿಗೂ ಆಕೆ ತಮ್ಮ ನೆಂಟರೇ ಆಗಿಬಿಟ್ಟರು. ಈಗ ಮನೆಯಲ್ಲಿ ಬಾಸಾಹೇಬರನ್ನು ಕಂಡರೆ ಆಗದವಳು ವಿಮಲಾ ಒಬ್ಬಳೇ.

ದಿನಾ ಊಟದ ಹೊತ್ತಿಗೆ ಬುರುಜಿನ ಒಂದೊಂದು ಚರಿತ್ರೆ ತಟ್ಟೆಗೆ ಬಂದು ಬೀಳುತ್ತಿತ್ತು.

"ಅಜ್ಜಿ, ನಿಂಗೊತ್ತಾ? ವಡೋದರಾ ಅರಮನೆಯ ಟವರ್ ನೋಡಿ ಬಂದು, ನಂಗೂ ಒಂದು ಬೇಕು ಅಂತ ದೊಡ್ಡ ಬಾಪು ಇದನ್ನ ಕಟ್ಟಿಸಿದ್ದಂತೆ."

"ದೊಡ್ಡ ಬಾಪು ಅಂದ್ರೆ ಯಾರೇ?"

"ಬಾಸಾಹೇಬರ ಗಂಡನ ಅಜ್ಜ. ಆಗ ದೊಡ್ಡ ಬರ ಬಂದಿತ್ತಂತೆ. ಯಾರು ಇಟ್ಟಿಗೆ ಹೊತ್ತರೆ ಅವರಿಗೆ ಬಾಜ್ರಾ, ಸಜ್ಜೆ. ಅದಕ್ಕೇ ಊರಿನವರು ಈಗ್ಲೂ ಇದನ್ನ ನಮ್ಮ ಬುರುಜು ಅಂತಾರೆ."

ಇನ್ನೊಂದು ದಿನ ಕಿಟಕಿಗಳ ಕಥೆ. ಆ ಮನೆಯ ಹೆಂಗಸರು ಪರದೆಯೊಳಗೆ ಇರಬೇಕಿತ್ತು, ಅಂಗಳಕ್ಕೂ ಇಳಿಯುವಂತಿರಲಿಲ್ಲ. ಅವರು ನೋಡಲಿ, ಅವರನ್ನು ಯಾರೂ ನೋಡದಿರಲಿ ಎಂದು ಎಲ್ಲ ಕಿಟಕಿಗೂ ಕಲ್ಲಿನ ಜಾಲಂಧ್ರ ಹಾಕಿಸಿದ್ದರು. ಸುಗ್ಗಿ, ಮದುವೆಯ ಮೆರವಣಿಗೆ, ಗಂಡನ ಕುದುರೆ, ಎಲ್ಲವೂ ಆ ತೂತುಗಳಲ್ಲೇ.

"ನಮ್ಮ ತಿಪಟೂರಿನ ಮನೇಲೂ ದೊಡ್ಡ ಅಟ್ಟ ಇತ್ತು," ಎಂದಳು ವಿಮಲಾ ರೊಟ್ಟಿ ಬೇಯಿಸುತ್ತ. "ನಾನು ನಿನ್ನಷ್ಟಿದ್ದಾಗ ಅದರ ಮೇಲೇ ಆಡ್ತಿದ್ದೆ."

"ಅಟ್ಟ ಅಂದ್ರೆ?"

"ಅಟ್ಟ ಅಂದ್ರೆ ಮೇಲೆ ಇರತ್ತೆ. ಕೊಬ್ಬರಿ, ಹಳೇ ಪಾತ್ರೆ, ಎಲ್ಲ ಇಡ್ತಾರೆ."

"ಸ್ಟೋರ್ ರೂಮಾ?"

ಸಾವಿತ್ರಮ್ಮ ಕಿಸಕ್ಕೆಂದು ನಕ್ಕರು. "ರಾಣಿ ಬುರುಜಿಗೆ ನಿನ್ನ ಅಪ್ಪನ ಮನೆ ಅಟ್ಟ ತಂದು ನಿಲ್ಲಿಸಿದೆಯಲ್ಲೇ ವಿಮಲಾ."

ಆ ರೊಟ್ಟಿ ಒಂದು ಕಡೆ ಸೀದುಹೋಯಿತು.

ಮಾರನೇ ದಿನ ವಿಮಲಾ ಜೀವಿಯನ್ನು ಬಾವಿಯ ಹತ್ತಿರ ಹಿಡಿದು ನಿಲ್ಲಿಸಿ ದಾಳ್ ಮಾಡುವುದು ಹೇಗೆಂದು ಕೇಳಿಕೊಂಡಳು. ಬೆಲ್ಲ, ಕೋಕಂ, ಒಂದು ಹಿಡಿ ಶೇಂಗಾ. ರಾತ್ರಿ ಬೇಳೆಗೆ ಎಲ್ಲ ಹಾಕಿ ಕುದಿಸಿದಳು.

ಸಾವಿತ್ರಮ್ಮ ಒಂದು ತುತ್ತು ಬಾಯಿಗಿಟ್ಟು ಸೊಸೆಯ ಮುಖ ನೋಡಿದರು. "ಇದೇನೇ, ಸಾರೋ ಪಾಯಸವೋ?"

"ಮಗುಗೆ ಇಷ್ಟ ಅಂತ ಮಾಡಿದೆ ಅತ್ತೆ."

ಪದ್ಮನಾಭ ಉಪ್ಪಿನಕಾಯಿ ಡಬ್ಬಿ ಹತ್ತಿರಕ್ಕೆಳೆದುಕೊಂಡ. ರಚನಾ ಎರಡು ತುತ್ತು ತಿಂದು, ಮರ್ಯಾದೆಗೆಂದು ಮೂರನೆಯದನ್ನೂ ತಿಂದು, "ಚೆನ್ನಾಗಿದೆ ಮಮ್ಮಿ. ಆದ್ರೆ ಬಾಸಾಹೇಬ್ ಥರ ಇಲ್ಲ," ಎಂದಳು. "ನಿಂದೇ ಸಾರು ಮಾಡು, ಅದೇ ವಾಸಿ."

ಸಾರೇ ವಾಸಿ ಎಂದದ್ದು ವಿಮಲಾಗೆ ಕೇಳಿಸಲೇ ಇಲ್ಲ. ಬಾಸಾಹೇಬ್ ಥರ ಇಲ್ಲ ಎಂಬುದಷ್ಟೇ ಕಿವಿಯಲ್ಲಿ ಉಳಿಯಿತು.

*

ದೀಪಾವಳಿ ಕಳೆದ ವಾರ ಪದ್ಮನಾಭನಿಗೆ ಸೂರತ್‌ಗೆ ವರ್ಗವಾಯಿತು. ತೊಂಬತ್ನಾಲ್ಕರ ನವೆಂಬರು ಅದು.

"ಸೂರತ್ತಾ?" ಸಾವಿತ್ರಮ್ಮ ಬಿಡಿಸುತ್ತಿದ್ದ ಅವರೆಕಾಳನ್ನು ಬಿಟ್ಟೇ ಬಿಟ್ಟರು. "ಮೊನ್ನೆ ಮೊನ್ನೆ ಪ್ಲೇಗ್ ಬಂದು ಜನ ರೈಲಿನ ತಲೆ ಮೇಲೆ ಹತ್ತಿ ಓಡಿ ಬಂದ್ರಲ್ಲೋ, ಅದೇ ಊರಾ?"

"ಈಗ ಏನೂ ಇಲ್ಲಮ್ಮ. ಊರೆಲ್ಲ ತಿಕ್ಕಿ ತೊಳೀತಿದ್ದಾರೆ."

"ತೊಳೀಲಿ. ಪೂರ್ತಿ ತೊಳೆದಾದ ಮೇಲೆ ಹೋಗೋಣ."

"ಬ್ಯಾಂಕಿನವರು ಕೇಳಬೇಕಲ್ಲಮ್ಮ. ಡಿಸೆಂಬರಲ್ಲಿ ಹೊಸಬರು ಬರ್ತಾರೆ, ಮನೆ ಬಿಟ್ಟುಕೊಡಬೇಕು."

ಬಾಗಿಲಲ್ಲಿ ನಿಂತಿದ್ದ ರಚನಾ ಆಗ ಮಾತಾಡಿದಳು. "ನಾನು ಬರಲ್ಲ. ಪರೀಕ್ಷೆ ಆಗೋ ತನಕ ಬಾಸಾಹೇಬ್ ಹತ್ರ ಇರ್ತೀನಿ. ಅವರು ಹೂಂ ಅಂದಿದ್ದಾರೆ."

ವಿಮಲಾ ಒಲೆ ಆರಿಸಿ ಈಚೆ ಬಂದಳು. "ಹೂಂ ಅನ್ನೋಕೆ ಅವರನ್ನ ಯಾರು ಕೇಳಿದ್ದು?"

"ನಾನೇ ಕೇಳಿದೆ."

"ನಮ್ಮನ್ನ ಕೇಳೋಕೆ ಮುಂಚೆ?"

"ನಿನ್ನ ಕೇಳಿದ್ರೆ ನೀನು ಬೇಡ ಅಂತೀಯಲ್ಲ."

ಪದ್ಮನಾಭ ಕನ್ನಡಕ ಒರೆಸಿಕೊಂಡ. ಅವನು ಕನ್ನಡಕ ಒರೆಸಿಕೊಂಡನೆಂದರೆ ವಿಮಲಾಗೆ ಗೊತ್ತು, ಮುಂದಿನ ಮಾತು ಅವಳ ಕಡೆಯದಲ್ಲ. "ನೋಡು ವಿಮಲಾ, ಯೋಚನೆ ಮಾಡಿದ್ರೆ ತಪ್ಪೇನಿಲ್ಲ. ಏಪ್ರಿಲ್ ತನಕ ಅಷ್ಟೇ. ಸ್ಕೂಲು ಕೆಡಲ್ಲ. ಆ ಊರಿನ ಗಾಳಿ ನೀರು ಹೇಗಿದೆಯೋ ಏನೋ."

"ನಮ್ಮ ಅತ್ತೆಗೆ ಆಗೋ ಗಾಳಿ ಅವಳಿಗೆ ಆಗಲ್ವಾ?"

"ನಂದೇನೇ, ಹಣ್ಣಾದ ಎಲೆ," ಎಂದರು ಸಾವಿತ್ರಮ್ಮ. "ಮಗು ಇಲ್ಲೇ ಇರಲಿ ಅನ್ಸತ್ತೆ ನಂಗೂ."

"ಆಯ್ತಲ್ಲ, ಮೂರು ಜನ ಒಂದು ಕಡೆ. ಮೇಲಿರೋರನ್ನೂ ಸೇರಿಸಿದ್ರೆ ನಾಲ್ಕು. ಹೆತ್ತವಳು ಒಬ್ಬಳು ಬೇಡ ಅಂದ್ರೆ ಯಾರಿಗೆ ಲೆಕ್ಕ?"

"ಲೆಕ್ಕ ಅಲ್ಲ ಕಣೇ, ನಿಂದು ಹೊಟ್ಟೆಕಿಚ್ಚು," ಎಂದ ಪದ್ಮನಾಭ. ಮೆಲ್ಲಗೇ ಅಂದಿದ್ದ, ಆದರೂ ಅಂದಾಗಿತ್ತು.

"ಹೌದು ಕಣ್ರೀ, ಹೊಟ್ಟೆಕಿಚ್ಚೇ. ಹೊತ್ತಿದ್ದು ಇದೇ ಹೊಟ್ಟೆ."

ಆಮೇಲೆ ಮನೆಯಲ್ಲಿ ಗಂಟು ಕಟ್ಟುವ ಕೆಲಸವೊಂದೇ ನಡೆಯಿತು. ವಿಮಲಾ ಮಗಳ ಸ್ವೆಟರು, ಲಂಗಗಳನ್ನು ಸೂರತ್ ಪೆಟ್ಟಿಗೆಗೆ ಹಾಕುವಳು. ಸಂಜೆ ನೋಡಿದರೆ ಅವು ಮತ್ತೆ ಗೂಟದ ಮೇಲೆ. ಮರುದಿನ ಮತ್ತೆ ಹಾಕುವಳು.

*

ಒಂದು ಭಾನುವಾರ ಬೆಳಿಗ್ಗೆ ತಿಂಡಿ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ವಿಮಲಾ ಬುರುಜು ಹತ್ತಿದಳು. ನಾಲ್ಕು ವರ್ಷದಲ್ಲಿ ಅವಳು ಅಲ್ಲಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಹಬ್ಬಕ್ಕೆ ಕೋಸಂಬರಿ, ಒಬ್ಬಟ್ಟು ಏನು ಕೊಡುವುದಿದ್ದರೂ ಕೆಳಗೆ ಜೀವಿಯ ಕೈಗೇ ಕೊಟ್ಟು ಬರುತ್ತಿದ್ದಳು.

ಬಾಸಾಹೇಬ್ ಬಿಳಿ ಸೀರೆಯುಟ್ಟು ತೂಗುಮಂಚದ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಪಕ್ಕದಲ್ಲಿ ರಚನಾ, ಅವಳ ಮಡಿಲಲ್ಲೂ ಸೊಪ್ಪು. ಮನೆಯಲ್ಲಿ ಒಂದು ದಿನವೂ ಬೆಳ್ಳುಳ್ಳಿ ಸುಲಿದುಕೊಡದ ಹುಡುಗಿ.

"ಆವೋ ವಹು, ಬಾ ಸೊಸೆ, ಕೂತ್ಕೋ," ಎಂದರು ಬಾಸಾಹೇಬ್.

ವಿಮಲಾ ಕೂರಲಿಲ್ಲ. ಬಾಸಾಹೇಬರಿಗೆ ಹಿಂದಿ ಬರದು, ತಾನಾಡುವ ಗುಜರಾತಿ ತರಕಾರಿಯವಳ ಬುಟ್ಟಿಯಷ್ಟೇ ಎಂದು ಅವಳ ಭಾವನೆ. ಮಗಳಿಗೆ ಕನ್ನಡದಲ್ಲಿ ಹೇಳಿದಳು, "ಕೇಳು ಅವರನ್ನ. ಒಬ್ಬರು ಹೆತ್ತ ಮಗುನ ಹೀಗೆ ಕಿತ್ಕೊಳ್ಳೋಕೆ ಅವರು ಯಾರು ಅಂತ."

ರಚನಾ ಕಣ್ಣರಳಿಸಿ ಅಮ್ಮನನ್ನು ನೋಡಿದಳು. ಆಮೇಲೆ ಬಾಸಾಹೇಬರ ಕಡೆ ತಿರುಗಿ ಗುಜರಾತಿಯಲ್ಲಿ, "ನೀವು ನನ್ನನ್ನ ಇಷ್ಟು ಚೆನ್ನಾಗಿ ನೋಡ್ಕೊಂಡಿದ್ದೀರಿ, ಉಪಕಾರ ಆಯ್ತು ಅಂತಾರೆ ಮಮ್ಮಿ," ಎಂದಳು.

ಬಾಸಾಹೇಬ್ ಸೊಪ್ಪು ಕೆಳಗಿಟ್ಟರು. "ಉಪಕಾರ ಹೇಳೋ ಮುಖ ಇದಲ್ಲ ಮಗಾ. ನಿನ್ನ ಅಮ್ಮನಿಗೆ ನನ್ನ ಕಂಡ್ರೆ ಹೊಟ್ಟೆ ಉರೀತಿದೆ."

"ಏನಂತೆ?" ಎಂದಳು ವಿಮಲಾ.

"ಚಾ ಕುಡೀತೀರಾ ಅಂತ ಕೇಳ್ತಿದ್ದಾರೆ," ಎಂದಳು ರಚನಾ, ಕಣ್ಣು ಸೊಪ್ಪಿನ ಮೇಲಿಟ್ಟು.

ನಾಲ್ಕು ವರ್ಷ ಹಾಲಿನವನು, ತರಕಾರಿಯವಳು, ಬಾವಿಕಟ್ಟೆಯ ಹೆಂಗಸರ ಜಗಳ, ಎಲ್ಲ ಕೇಳಿದ ಕಿವಿ ವಿಮಲಾಳದು. ಒಂದು ಮಾತೂ ತಪ್ಪಿರಲಿಲ್ಲ. "ಮನೇ ಸಮಝಾಯ್ ಛೇ, ಬಾಸಾಹೇಬ್," ಎಂದಳು ವಿಮಲಾ. "ನಂಗೆ ಎಲ್ಲ ಅರ್ಥ ಆಗುತ್ತೆ. ಮಾತು ತಪ್ಪು ಬರುತ್ತೆ, ಅಷ್ಟೇ."

ರಚನಾಳ ಕಿವಿ ಕೆಂಪಗಾಯಿತು. ಬಾಸಾಹೇಬ್ ನಕ್ಕುಬಿಟ್ಟರು. "ಹೋಗು ಮಗಾ, ಜೀವಿಗೆ ನಿಜವಾಗ್ಲೂ ಚಾ ಇಡೋಕೆ ಹೇಳು. ನೀನೂ ಅಲ್ಲೇ ಇರು."

ಹುಡುಗಿ ಕೆಳಗಿಳಿದ ಸದ್ದು ಮುಗಿದ ಮೇಲೆ ಅವರು ಮಂಚದ ಮೇಲೆ ಜಾಗ ಮಾಡಿದರು. ಈ ಸಲ ವಿಮಲಾ ಕೂತಳು.

"ಇವಳಿಗೆ ಬುರುಜಿನ ಕಥೆ ಎಲ್ಲ ಹೇಳಿದ್ದೀನಿ, ಒಂದು ಬಿಟ್ಟು," ಎಂದರು ಬಾಸಾಹೇಬ್. "ಈ ಮನೇಲಿ ಹುಟ್ಟಿದ ಮೊದಲ ಗಂಡುಮಗು ಬಾಣಂತನ ಮುಗಿದ ದಿನ ಮೇಲಿನ ಅಂತಸ್ತಿಗೆ ಹೋಗಬೇಕು, ಅಜ್ಜಿ ಹತ್ರ. ಗಾದಿಗೆ ಬರೋ ಮಗು ತಾಯಿ ಹತ್ರ ಇದ್ರೆ ಮೆತ್ತಗಾಗತ್ತಂತೆ. ನನ್ನ ಮಗನ್ನ ಅತ್ತೆ ಎತ್ಕೊಂಡು ಈ ಮೆಟ್ಟಿಲು ಹತ್ತಿದ್ರು. ನಾನು ಇಲ್ಲೇ ಇದ್ದೆ, ಈ ಕೋಣೇಲಿ. ಹಬ್ಬದ ದಿನ ಮಾತ್ರ ಮೇಲೆ ಹೋಗಬಹುದು, ಸೆರಗು ಹೊದ್ದು, ಅತ್ತೆಗೆ ನಮಸ್ಕಾರ ಮಾಡೋಕೆ. ಮಿಕ್ಕ ದಿನ ಸೂರಿನ ಮೇಲೆ ಅವನು ಓಡಾಡೋ ಸದ್ದು ಕೇಳೋದು."

"ನೀವು ಕೇಳಲಿಲ್ವಾ? ಕೊಡಿ ಅಂತ?"

"ಕೇಳೋದಾ? ಅದು ಮನೆಯ ಮರ್ಯಾದೆ. ಎಲ್ಲರೂ ಎಷ್ಟು ಪುಣ್ಯವಂತೆ ನೀನು ಅಂತಿದ್ರು. ಮನೆಯ ಚಿಕ್ಕವರೆಲ್ಲ ನನ್ನ ಭಾಭಿ ಅಂತಿದ್ರು, ಅವನೂ ಅಮ್ಮ ಅನ್ನದೆ ಭಾಭಿ, ಅತ್ತಿಗೆ, ಅಂತಲೇ ಕಲಿತ. ಈಗ್ಲೂ ಭಾಭಿ ಅಂತಾನೆ. ಅಹಮದಾಬಾದಲ್ಲಿ ಇದ್ದಾನೆ, ಆ ಊರಂಚಿನ ಬೋಪಾಲ್ ಕಡೆ ಜಮೀನು ಮಾರಿ ದೊಡ್ಡ ಕಟ್ಟಡ ಏಳಿಸ್ತಿದ್ದಾನೆ. ಫೋನ್ ಬಂದ್ರೆ ಇದನ್ನೂ ಮಾರೋಣ ಅನ್ನೋಕೆ ಬರತ್ತೆ." ಅವರು ಸೊಪ್ಪಿನ ದಂಟು ಮುರಿದು ಪಕ್ಕಕ್ಕೆ ಹಾಕಿದರು. "ನಿನ್ನ ಮಗಳು ಇರ್ತೀನಿ ಅಂದಾಗ ನಾನು ಹೂಂ ಅಂದುಬಿಟ್ಟೆ. ಎಷ್ಟು ಸಂತೋಷ ಆಯ್ತು ಅಂದ್ರೆ, ಇವಳಿಗೆ ಒಬ್ಬಳು ತಾಯಿ ಇದ್ದಾಳೆ ಅನ್ನೋದೇ ಮರೆತೆ. ನನ್ನ ಅತ್ತೆಗೂ ಹಾಗೇ ಆಗಿತ್ತೋ ಏನೋ. ನೀನು ಜಗಳಕ್ಕೆ ಬಂದೆ ನೋಡು, ಒಳ್ಳೇದಾಯ್ತು. ಕರ್ಕೊಂಡು ಹೋಗು ನಿನ್ನ ಮಗಳನ್ನ."

ಚಹಾ ತಂದ ರಚನಾಗೆ ಅವರೇ ಹೇಳಿದರು, "ನಿನ್ನ ಇಟ್ಕೊಳ್ಳೋಕೆ ನಂಗೆ ಆಗಲ್ಲ ಮಗಾ. ಅಮ್ಮನ ಜೊತೆ ಹೋಗು."

ಹುಡುಗಿ ಬಟ್ಟಲು ಕೆಳಗಿಟ್ಟು ಬಾಸಾಹೇಬರ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಗೆದ್ದ ವಿಮಲಾ ಎದುರಿಗೆ ಚಹಾ ಹಿಡಿದು ಕೂತು, ತನ್ನ ಮಗಳ ಬೆನ್ನನ್ನು ಇನ್ನೊಬ್ಬರು ಸವರುವುದನ್ನು ನೋಡಬೇಕಾಯಿತು.

*

ಗೆಲುವು ಮನೆಗೆ ಬಂದ ಮೇಲೆ ತುಂಬ ತೊಂದರೆ ಕೊಟ್ಟಿತು. ರಚನಾ ಊಟಕ್ಕೆ ಕರೆದರೆ ಬಂದು ಕೂರುವಳು, ಹಾಕಿದ್ದನ್ನು ತಿನ್ನುವಳು, ತಟ್ಟೆ ತೊಳೆದಿಟ್ಟು ಹೋಗುವಳು. ಬುರುಜಿನ ಕಥೆಯೂ ಇಲ್ಲ, ಬದನೇಕಾಯಿ ಬೇಡವೆಂಬ ಹಟವೂ ಇಲ್ಲ. ಪೆಟ್ಟಿಗೆಗೆ ಹಾಕಿದ ಬಟ್ಟೆ ಪೆಟ್ಟಿಗೆಯಲ್ಲೇ ಉಳಿಯಿತು.

"ನನಗೋಸ್ಕರ ಯಾವತ್ತಾದ್ರೂ ಹಾಗೆ ಅತ್ತಿದ್ದಾಳಾ ಅತ್ತೆ?" ಎಂದು ಕೇಳಿದಳು ವಿಮಲಾ, ಹಿತ್ತಿಲಲ್ಲಿ ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟುತ್ತ.

"ನೀನು ಅವಳನ್ನ ಬಿಟ್ಟು ಎಲ್ಲಿಗಾದ್ರೂ ಹೋಗಿದ್ಯೇನೇ, ಅಳೋಕೆ?" ಎಂದರು ಸಾವಿತ್ರಮ್ಮ. "ದಾರ ಬಿಗಿಯಾಗಿ ಕಟ್ಟು, ರೈಲಲ್ಲಿ ಸೋರತ್ತೆ."

ಪದ್ಮನಾಭ ಸೂರತ್‌ಗೆ ಹೋಗಿ ಮನೆ ನೋಡಿ ಬಂದ. ಮೂರನೇ ಮಹಡಿ, ಎರಡು ಕೋಣೆ, ನೀರಿಗೆ ತೊಂದರೆಯಿಲ್ಲ. ಸ್ಕೂಲಿನ ಸುದ್ದಿಯನ್ನು ಮಾತ್ರ ಅವನು ಕೈಕಾಲು ತೊಳೆದು, ಕಾಫಿ ಕುಡಿದು, ಕನ್ನಡಕ ಒರೆಸಿಕೊಂಡು ಹೇಳಿದ.

"ಎರಡು ಕಡೆ ಕೇಳಿದೆ. ವರ್ಷದ ಮಧ್ಯೆ ತಗೊಳ್ಳಲ್ಲ ಅಂತಾರೆ. ಜೂನಲ್ಲಿ ಬನ್ನಿ, ಮತ್ತೆ ಇದೇ ಕ್ಲಾಸಿಗೆ ಹಾಕ್ತೀವಿ ಅಂದ್ರು."

"ಅಂದ್ರೆ ಒಂದು ವರ್ಷ ಹಾಳು."

"ಹಾಳೇ. ಚಿಕ್ಕವಳು, ನಡೆಯತ್ತೆ. ನಾನಂತೂ ಇನ್ನು ಆ ಮಾತು ಎತ್ತಲ್ಲ ಮಾರಾಯ್ತಿ. ನಿನ್ನಿಷ್ಟ."

ರಚನಾ ಗೋಡೆಗೊರಗಿ ಕೂತು ಪುಸ್ತಕಗಳಿಗೆ ದಾರ ಸುತ್ತುತ್ತಿದ್ದಳು. ಕೇಳಿಸಿಕೊಂಡಳು, ದಾರಕ್ಕೆ ಇನ್ನೊಂದು ಗಂಟು ಹಾಕಿದಳು. ಅವಳು ಜಗಳ ತೆಗೆದಿದ್ದರೆ ವಿಮಲಾ ಎರಡು ಬಯ್ದು ಸುಮ್ಮನಾಗುತ್ತಿದ್ದಳು.

ಸಂಜೆ ದೀಪ ಹಚ್ಚಿ ಅವಳು ಮತ್ತೆ ಬುರುಜು ಹತ್ತಿದಳು. ಈ ಸಲ ದುಭಾಷಿ ಬೇಕಾಗಲಿಲ್ಲ.

"ಪರೀಕ್ಷೆ ತನಕ ಇಟ್ಕೊಳ್ಳಿ," ಎಂದಳು, ಒಂದೊಂದೇ ಪದ ಹುಡುಕಿ ಜೋಡಿಸುತ್ತ. "ಅವಳ ವರ್ಷ ಹೋಗುತ್ತೆ. ನಾನು ಶನಿವಾರ ಶನಿವಾರ ಬರ್ತೀನಿ."

ಬಾಸಾಹೇಬ್ ಅವಳನ್ನೇ ನೋಡಿದರು. "ಹೊಟ್ಟೆ ಉರಿ ಹೋಯ್ತಾ?"

"ಇಲ್ಲ. ಇದೆ."

"ಹಾಗಿದ್ರೆ ಸರಿ. ಇಲ್ಲ ಅಂದಿದ್ರೆ ಇಟ್ಕೊಳ್ತಿರಲಿಲ್ಲ." ತೂಗುಮಂಚವನ್ನು ಕಾಲಿಂದ ಮೆಲ್ಲನೆ ತಳ್ಳಿದರು. "ಶನಿವಾರ ಬಂದಾಗ ಅಡುಗೆ ನಿಂದು. ನಾವಿಬ್ಬರೂ ನೀನು ಹಾಕಿದ್ದನ್ನ ತಿಂತೀವಿ. ನನ್ನ ಒಲೆ ನಿಂಗೆ ಬಿಟ್ಟುಕೊಟ್ಟೆ ಅಂದ್ರೆ ಸುಮ್ಮನೆ ಅಲ್ಲ ವಹು, ನಂಗೂ ಉರಿಯುತ್ತೆ."

ಸಾಮಾನಿನ ಲಾರಿ ಹೊರಡುವ ದಿನ ಸಾವಿತ್ರಮ್ಮ ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿದರು. ಪದ್ಮನಾಭ, ಹೋಂವರ್ಕ್ ಮಾಡು, ಬಾವಿ ಹತ್ರ ಹೋಗಬೇಡ ಎಂದು ಎರಡೆರಡು ಸಲ ಹೇಳಿದ. ವಿಮಲಾ ರಿಕ್ಷಾ ಹತ್ತಲು ಹೊರಟಾಗ ರಚನಾ ಅವಳ ಸೆರಗಿನ ತುದಿ ಹಿಡಿದಳು.

"ಮಮ್ಮಿ. ನೀನು ಬೇಡ ಅಂತೀಯ ಅಂದ್ಕೊಂಡಿದ್ದೆ."

"ಅಂದೆನಲ್ಲೇ, ಒಂದು ತಿಂಗಳು ಅದನ್ನೇ ಅಂದೆ."

"ಹಾಗಲ್ಲ. ಕೊನೆಗೂ ಬೇಡ ಅಂತೀಯ ಅಂತ." ಅವಳ ಬಾಯಿ ಸೊಟ್ಟಗಾಯಿತು. ಆಮೇಲೆ ಜೋರಾಗಿ ಅಳು ಬಂತು, ಲಾರಿಯವನೂ ತಿರುಗಿ ನೋಡುವಷ್ಟು. ವಿಮಲಾ ಅವಳನ್ನು ತಬ್ಬಿಕೊಂಡು ತಾನೂ ಅತ್ತಳು. ಅಳುತ್ತಲೇ ಒಮ್ಮೆ ತಲೆಯೆತ್ತಿ ಬುರುಜಿನ ಕಡೆ ನೋಡಿದಳು. ಮಗಳು ಯಾರಿಗೋಸ್ಕರ ಅಳುತ್ತಿದ್ದಾಳೆಂದು ಅಲ್ಲಿಂದ ಕಾಣುತ್ತಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನಿಸಿದ್ದು ಸುಳ್ಳಲ್ಲ.

*

ಮೊದಲ ಶನಿವಾರ ವಿಮಲಾ ಸೂರತ್‌ನಿಂದ ರೈಲಿನಲ್ಲಿ ವಡೋದರಾಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು ವಣಕೋಡಾದಲ್ಲಿಳಿದಾಗ ಮಧ್ಯಾಹ್ನವಾಗಿತ್ತು. ಬುರುಜಿನ ಒಲೆಯ ಮೇಲೆ ಬೇಳೆ ಹಾಕಿ, ತಂದಿದ್ದ ಸಾರಿನ ಪುಡಿಯ ಡಬ್ಬಿ ತೆಗೆದಳು. ಆಗಲೇ ಸ್ಕೂಲಿನಿಂದ ಬಂದ ರಚನಾ ಓಡಿಬಂದು ಸೊಂಟ ಅಪ್ಪಿಕೊಂಡಳು.

ಮಗಳ ತಲೆ ಮೂಸಿದ ವಿಮಲಾಗೆ ಎಳ್ಳೆಣ್ಣೆ ವಾಸನೆ ಬಡಿಯಿತು. ಕಿವಿಯ ಮೇಲಿಂದ ಎಳೆದು ಹೆಣೆದ ಎರಡು ಜಡೆ, ತುದಿಗೆ ಕೆಂಪು ನೂಲಿನ ಗೊಂಡೆ. ಊರಿನ ಠಾಕೂರರ ಹುಡುಗಿಯರ ಹಾಗೆ.

"ಇದೇನೇ ಇದು?"

"ಬಾಸಾಹೇಬ್ ಹಾಕಿದ್ದು. ದಿನಾ ಹಾಕ್ತಾರೆ. ಚೆನ್ನಾಗಿದೆ ಅಲ್ವಾ?"

ವಿಮಲಾ ಒಲೆ ಸಣ್ಣಗೆ ಮಾಡಿದಳು. "ಕೂತ್ಕೋ ಇಲ್ಲಿ," ಎಂದು ಮಗಳನ್ನು ನೆಲದ ಮೇಲೆ ಕೂರಿಸಿ ಗೊಂಡೆ ಬಿಚ್ಚತೊಡಗಿದಳು.

"ಬೇಡ ಮಮ್ಮಿ, ಬಾಸಾಹೇಬರಿಗೆ ಬೇಜಾರಾಗತ್ತೆ."

"ಆಗಲಿ."

ತೂಗುಮಂಚದ ಮೇಲಿಂದ ಬಾಸಾಹೇಬ್ ಎಲ್ಲ ನೋಡುತ್ತಿದ್ದರು. ಒಂದು ಜಡೆ ಬಿಚ್ಚಿ ಮುಗಿದು, ಇನ್ನೊಂದೂ ಬಿಚ್ಚಿ, ವಿಮಲಾ ಚೀಲದಿಂದ ತನ್ನ ಕೊಬ್ಬರಿ ಎಣ್ಣೆಯ ಶೀಶೆ ತೆಗೆದು, ಬಾಚಿ, ಒಂದೇ ಜಡೆ ಹೆಣೆಯುವ ತನಕ ಅವರು ಕಾಲಿಂದ ಮಂಚ ತೂಗುತ್ತಿದ್ದರು.

"ಬಿಗಿಯಾಗಿ ಹಾಕು ವಹು," ಎಂದರು ಆಮೇಲೆ. "ಸೋಮವಾರ ಬಿಚ್ಚೋಕೆ ನಂಗೂ ಸ್ವಲ್ಪ ಹೊತ್ತು ಹಿಡೀಲಿ."

ವಿಮಲಾ ಇನ್ನಷ್ಟು ಬಿಗಿದಳು. ಇಬ್ಬರ ನಡುವೆ ಕೂತಿದ್ದ ರಚನಾ ನೋಯುತ್ತದೆ ಎಂದಳು, ಒಂದು ಸಲ ಕನ್ನಡದಲ್ಲಿ, ಒಂದು ಸಲ ಗುಜರಾತಿಯಲ್ಲಿ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.